ಕೋಟೆಯ ಬಂಡಿಯೂ ಜಾತ್ರೆಯ ಟ್ರಾಲಿಯೂ

ರಾಯಚೂರು ಕೋಟೆಯ ಪಶ್ಚಿಮ ಭಾಗದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಏಕಶಿಲೆಯೊಂದುಂಟು. ಅದರ ಮೇಲೆ ಕಾಕತೀಯರ ಕಾಲದ, ಕ್ರಿ.ಶ. 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲಿರಿಸಿ ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಕೊರೆದಿದ್ದಾರೆ. ಸನ್ನೆಗೋಲು ಹಿಡಿದ ಆಳುಗಳೂ ಅದರಲ್ಲಿದ್ದಾರೆ. ಎಳೆಯುವ ಬಲದಷ್ಟೇ ಗಾಲಿಯ ಕಾವಲೂ ಮುಖ್ಯವೆಂಬುದನ್ನು ಹಿಂದಿನವರು ಅರಿತಿದ್ದರು.

ಇಂದು ಕೃಷ್ಣೆಯ ಕಡೆಯ ದೇವದುರ್ಗದಿಂದಲೂ ತುಂಗಭದ್ರೆಯ ಕಡೆಯ ಮಾನ್ವಿಯಿಂದಲೂ ಜಾತ್ರೆಗೆ ಹೊರಡುವ ಕುಟುಂಬಗಳು ಟ್ರ್ಯಾಕ್ಟರಿನ ಟ್ರಾಲಿಯನ್ನೇ ಏರುವುದುಂಟು. ಟ್ರಾಲಿ ಇರುವುದು ಹತ್ತಿ, ಭತ್ತ ಹೊರಲಿಕ್ಕೆ. ಅದರಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಬಸ್ಸನ್ನೋ ಬಾಡಿಗೆ ವಾಹನವನ್ನೋ ಗೊತ್ತುಮಾಡುವುದು ಲೇಸು. ಆಗಲೂ ಯೋಗ್ಯತಾ ಪ್ರಮಾಣಪತ್ರವನ್ನು ಕೇಳಿ ನೋಡಬೇಕು. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷವೂ ತಪಾಸಣೆ ಕಡ್ಡಾಯ. ದಾಸೋಹದ ದಿನಸಿ, ಪಾತ್ರೆಗಳನ್ನು ಹೊತ್ತ ಟ್ರಾಲಿಯಾದರೂ ಕೊಂಡಿಯ ಪಿನ್ನು, ಟಯರು, ಹಿಂಬದಿಯ ಕೆಂಪು ದೀಪ ಇವನ್ನು ಹಗಲಿನಲ್ಲೇ ಪರೀಕ್ಷಿಸತಕ್ಕದ್ದು. ದೀಪವಿಲ್ಲದ ಟ್ರಾಲಿ ಇರುಳಿನಲ್ಲಿ ಹಿಂದೆ ಬರುವವರಿಗೆ ಕಾಣುವುದೇ ಇಲ್ಲ.

ಇದನ್ನು ಕೇಳಲು ಮನೆಯ ಹಿರಿಯರು ಸಂಕೋಚಪಡಬಾರದು. ದೇವರ ಮೇಲೆ ಭಾರ ಹಾಕುವ ಮುನ್ನ ಗಾಲಿಯ ಮೇಲಿನ ಭಾರವನ್ನು ನೋಡಿಕೊಳ್ಳುವುದು ಭಕ್ತಿಗೆ ಕುಂದಲ್ಲ.