ಬೇಲಿಯಾಚೆಯ ಹುಲ್ಲು

ಉದ್ಯಾನವು ಮನೆಯ ಸಮೀಪದಲ್ಲಿದ್ದರೆ ಪಟ್ಟಣವಾಸಿಗಳು ಅದನ್ನು ಹೆಚ್ಚು ಬಳಸುತ್ತಾರೆ ಎಂಬುದು ಮೇಲ್ನೋಟಕ್ಕೆ ಪುರಾವೆ ಬೇಡದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗವು 2016ರ ವರದಿಯಲ್ಲಿ ಇದಕ್ಕೊಂದು ಅಳತೆಯನ್ನೂ ಸೂಚಿಸಿದೆ: ಮನೆಯಿಂದ 300 ಮೀಟರಿನೊಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಒಂದು ಹಸಿರು ತಾಣವಿರಬೇಕು. ಒಪ್ಪತಕ್ಕ ಮಾತೇ. ಆದರೆ ಬಂಗಾರಪೇಟೆಯಲ್ಲಿ ಬೆಳೆದು, ದಿನವೂ ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್.ಗೆ ಹೋಗಿ ಪಾಠ ಹೇಳಿ ಬಂದ ನನಗೆ ಈ ಮೀಟರಿನ ಲೆಕ್ಕ ಪೂರ್ತಿಯಾಗಿ ಒಗ್ಗುವುದಿಲ್ಲ.

1980ರ ದಶಕದ ಕೊನೆಯಲ್ಲಿ ಒಂಬತ್ತನೆಯ ತರಗತಿಗೆ ‘ನನಗೆ ಪ್ರಿಯವಾದ ಆಟದ ಸ್ಥಳ’ ಎಂದು ಪ್ರಬಂಧ ಬರೆಯಲು ಹೇಳಿದ್ದೆ. ಮಕ್ಕಳಲ್ಲಿ ಬಹುಪಾಲು ಗಣಿ ಕಾರ್ಮಿಕರ ಲೈನ್ ಮನೆಗಳವರು. ಮನೆಯಲ್ಲಿ ತಮಿಳೋ ತೆಲುಗೋ ಮಾತು, ಶಾಲೆಯಲ್ಲಿ ಕನ್ನಡ. ತಿದ್ದಲು ಕುಳಿತಾಗ ಪುಸ್ತಕದ ಮೇಲೆ ಪುಸ್ತಕ ಒಂದೇ ಸ್ಥಳವನ್ನು ಹೇಳುತ್ತಿತ್ತು: ಸೈನೈಡ್ ದಿಬ್ಬ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಅದಿರಿನ ಪುಡಿಯನ್ನು ದಶಕಗಳ ಕಾಲ ಸುರಿದು ಸುರಿದು ಎದ್ದ ಬೂದು ಗುಡ್ಡಗಳವು. ಮಳೆ ನೀರು ಕೊರೆದ ಕೊರಕಲುಗಳಲ್ಲಿ ಜಾರುವುದು, ತುದಿಯಿಂದ ಗಾಳಿಪಟ ಹಾರಿಸುವುದು. ಹುಲ್ಲುಕಡ್ಡಿ ಬೇರೂರಲು ಹೆಣಗುವ ಆ ನೆಲವೇ ಅವರ ಪಾಲಿಗೆ ಉದ್ಯಾನವಾಗಿತ್ತು. ಆಷಾಢದ ಗಾಳಿಗೆ ಅದೇ ಪುಡಿ ಎದ್ದು ಅವರ ಅನ್ನದ ತಟ್ಟೆಗೂ ಬೀಳುತ್ತಿತ್ತು ಎಂಬುದು ಬೇರೆ ಮಾತು.

ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಅವನ ಲೈನಿಗೆ ತೀರ ಹತ್ತಿರದಲ್ಲಿ ಅಧಿಕಾರಿಗಳ ಕ್ಲಬ್ಬೊಂದಿತ್ತು. ಬೇಲಿಯೊಳಗಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಿದರೆ ಹೇಗಿರಬಹುದು ಎಂದು ಒಂದೂವರೆ ಪುಟ ಬರೆದಿದ್ದ. ಅವನು ಒಮ್ಮೆಯೂ ಒಳಗೆ ಹೋದವನಲ್ಲ. ಚೆಂಡು ಒಳಗೆ ಬಿದ್ದರೆ ಕಾವಲುಗಾರನೇ ಎಸೆಯಬೇಕು, ಮನಸ್ಸು ಬಂದರೆ. ಅಳತೆಪಟ್ಟಿ ಹಿಡಿದರೆ ಅವನ ಮನೆಯಿಂದ ಆ ಹುಲ್ಲಿಗೆ 300 ಮೀಟರಿಗಿಂತ ಬಹಳ ಕಡಿಮೆ. ಕಾಗುಣಿತದ ತಪ್ಪುಗಳಿದ್ದರೂ ಅವನಿಗೆ ಪೂರ್ಣಾಂಕ ಕೊಟ್ಟೆ.

ಇದರ ಪಕ್ಕದಲ್ಲಿ ಲಾಲ್‌ಬಾಗನ್ನು ಇಟ್ಟು ನೋಡಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 70 ಕಿಲೋಮೀಟರ್. ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ಊರಿನ ಸಂಸಾರಗಳು ಚಿತ್ರಾನ್ನ ಕಟ್ಟಿಕೊಂಡು ಹೊರಡುತ್ತಿದ್ದವು. ಅದು ಜಾತ್ರೆಗೆ ಹೋದ ಹಾಗೆ. ಹೊಸ ಸೀರೆ, ಫೋಟೋ, ವರ್ಷವಿಡೀ ಅದರ ಮಾತು. ಲಾಲ್‌ಬಾಗಿನ ಸುತ್ತ ವಾಸಿಸುವವರಿಗಾದರೋ ಅದು ಹಲ್ಲುಜ್ಜುವಷ್ಟೇ ನಿತ್ಯದ ಸಂಗತಿ. ದೂರದ ತೋಟ ಹಬ್ಬವಾಗುತ್ತದೆ, ಹತ್ತಿರದ ತೋಟ ಅಭ್ಯಾಸವಾಗುತ್ತದೆ. ಮುದುಕರಿಗೂ ಎಳೆಯ ಮಕ್ಕಳಿಗೂ ಬೇಕಾದದ್ದು ಎರಡನೆಯದು.

ಇತ್ತೀಚೆಗೆ ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬ ಫೋನಿನಲ್ಲಿ ಹೇಳಿದ: “ಸಾರ್, ಮನೆ ಎದುರಿಗೇ ಪಾರ್ಕು. ನಾಲ್ಕು ವರ್ಷದಲ್ಲಿ ನಾನು ಒಳಗೆ ಹೋಗಿದ್ದು ಎರಡೋ ಮೂರೋ ಸಲ. ನಾನು ಹೊರಡೋ ಹೊತ್ತಿಗೂ ಬರೋ ಹೊತ್ತಿಗೂ ಅದರ ಬಾಗಿಲಿಗೆ ಬೀಗ.” ಆದರೆ ಚಾಂಪಿಯನ್ ರೀಫ್ಸ್‌ನಿಂದ ಅವನು ಕರೆದುಕೊಂಡು ಹೋದ ತಾಯಿ ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗುತ್ತಾರಂತೆ; ಬೀದಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯಿತೆಂಬುದು ಆ ಕಲ್ಲುಬೆಂಚಿನ ಮೇಲೆಯೇ ತಿಳಿಯುವುದಂತೆ. ಒಂದೇ ಮನೆ, ಒಂದೇ ಬಾಗಿಲು, ಬಳಕೆ ಮಾತ್ರ ಬೇರೆ ಬೇರೆ! 2024ರ ಜೂನ್‌ನಲ್ಲಿ ಬೆಂಗಳೂರಿನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ನಿರ್ಧಾರವಾದಾಗ ನನಗೆ ನೆನಪಾದವನು ಇವನೇ. ಬೆಳಗಿನ ಕತ್ತಲಲ್ಲಿ ಬಂಗಾರಪೇಟೆಯಿಂದ ರೈಲು ಹಿಡಿದು ಕತ್ತಲಾದ ಮೇಲೆ ಮರಳುವ ಸಾವಿರಾರು ಮಂದಿಗೆ ಸ್ವಂತ ಊರಿನ ಮರಗಳೂ ಭಾನುವಾರದ ಮರಗಳೇ.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಲೈನ್ ಮನೆಗಳಲ್ಲಿ ಜನ ಉಳಿದರು, ದಿಬ್ಬಗಳೂ ಉಳಿದವು. 2024ರ ಜೂನ್‌ನಲ್ಲಿ, ಸಾವಿರ ಎಕರೆಗಿಂತ ಸ್ವಲ್ಪ ಹೆಚ್ಚು ಜಾಗದಲ್ಲಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ನೀಡಿತು. ಕೆಲಸ ಸಿಗುವುದಾದರೆ ನನ್ನ ಶಿಷ್ಯರ ಮಕ್ಕಳು ಬೇಡವೆನ್ನಲಾರರು, ನಾನೂ ಅನ್ನಲಾರೆ. ನನ್ನ ಕೋರಿಕೆ ಒಂದೇ: ದಿಬ್ಬ ಕರಗಿದ ನೆಲದಲ್ಲಿ ಒಂದಿಷ್ಟನ್ನಾದರೂ ಶುದ್ಧಿಗೊಳಿಸಿ, ಮಣ್ಣು ಹಾಕಿ, ಮರ ನೆಡಲಿ, ಅದರ ಬಾಗಿಲನ್ನು ಲೈನ್ ಮನೆಗಳ ಕಡೆಗೆ ಇಡಲಿ. ಮುಖ್ಯರಸ್ತೆಯ ಕಡೆಗೆ ಕಮಾನು ಕಟ್ಟಿ, ಲೈನಿನವರು ಒಂದು ಮೈಲಿ ಸುತ್ತಿ ಬರುವಂತೆ ಮಾಡುವುದು ಬೇಡ.

ಅಲ್ಲಿಯವರೆಗೆ ಇರುವುದು ಎರಡು ಲೈನುಗಳ ನಡುವೆ ಜನರೇ ನೆಟ್ಟುಕೊಂಡ ಬೇವು, ಹೊಂಗೆ. ಹೋದ ತಿಂಗಳು ಅಲ್ಲಿಗೆ ಹೋದಾಗ ಒಂದು ಬೇವಿನ ಕೆಳಗೆ ಹಗ್ಗದ ಮಂಚ, ಅದರ ಮೇಲೆ ಪಾಠ ಓದಿಕೊಳ್ಳುತ್ತಿದ್ದ ಹುಡುಗಿ, ಕೊಂಬೆಗೆ ಕಟ್ಟಿದ ತೊಟ್ಟಿಲಲ್ಲಿ ಕೂಸು ಕಂಡವು. ನಿಮ್ಮ ನಿಮ್ಮ ಲೈನಿನಲ್ಲಿ ಯಾವ ಮರವಿತ್ತು, ಅದು ಇನ್ನೂ ಇದೆಯೇ ಎಂದು ನನಗೆ ಬರೆದು ತಿಳಿಸಿ.