ಫ್ಲ್ಯಾಶ್ ಕೊಳ್ಳುವ ಮುನ್ನ ಸೂರು ನೋಡಿ

ಸಂತೇಬೆನ್ನೂರಿನ ಪಿಯುಸಿ ಹುಡುಗನೊಬ್ಬನಿಗೆ ಅವನ ಸೋದರಮಾವ ತಾನು ಬಳಸಿದ ಡಿಜಿಟಲ್ ಕ್ಯಾಮೆರಾ ಕೊಟ್ಟ. ಅಂದಿನಿಂದ ಹುಡುಗನ ಠಿಕಾಣಿ ಪುಷ್ಕರಿಣಿಯ ಮೆಟ್ಟಿಲ ಮೇಲೆಯೇ. 16ನೇ ಶತಮಾನದಲ್ಲಿ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ನೀರಿನ ನಡುವೆ ವಸಂತ ಮಂಟಪ, ದಡದಲ್ಲಿ ಮುಸಾಫಿರ್‌ಖಾನೆ. ಎಳೆಬಿಸಿಲಿದ್ದರೆ ಅಲ್ಲಿ ಯಾರು ತೆಗೆದರೂ ಚಿತ್ರ ಚೆಂದವೇ.

ತೊಂದರೆ ಶುರುವಾದದ್ದು ಅಕ್ಕನ ನಿಶ್ಚಿತಾರ್ಥ ಗೊತ್ತಾದಾಗ. ಮನೆಯಲ್ಲೇ, ಅದೂ ಸಂಜೆ. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಹಾಕಿ ನೋಡಿದರೆ ಮುಂದೆ ಕೂತ ಅಜ್ಜಿಯ ಮುಖ ಸುಣ್ಣ ಬಳಿದಂತೆ, ಹಿಂದೆ ಕೂತವರು ಕತ್ತಲಲ್ಲಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಹುಡುಗ ಬಾಯಿಪಾಠ ಮಾಡಿದ್ದ ನಿಯಮ, ನಡುಮನೆಯಲ್ಲಿ ಅರ್ಥವಾಯಿತು.

"ಬೇರೆ ಫ್ಲ್ಯಾಶ್ ಕೊಡ್ಸಿ ಅಪ್ಪಾಜಿ."

"ಇದೊಂದಕ್ಕೇ ಮುಗೀತದೋ, ಆಮೇಲೆ ಇನ್ನೊಂದು ಬೇಕು ಅಂತೀಯೋ?" ಅಡಿಕೆ ಬೆಳೆಯುವವರು ಕೇಳಬೇಕಾದ ಪ್ರಶ್ನೆಯೇ.

ಪುಕ್ಕಟೆ ದಾರಿಯೊಂದಿತ್ತು. ದೊಡ್ಡಪ್ಪನ ಟ್ರಂಕಿನಲ್ಲಿ ರೀಲಿನ ಕಾಲದ ಫ್ಲ್ಯಾಶ್ ಮಲಗಿತ್ತು. ಸದ್ಯ, ಕ್ಯಾಮೆರಾಕ್ಕೆ ಸಿಕ್ಕಿಸುವ ಮೊದಲು ಅದನ್ನು ಚನ್ನಗಿರಿಯ ಸ್ಟುಡಿಯೊದವರಿಗೆ ತೋರಿಸಿದ. "ಬೇಡ ಮರಿ" ಎಂದರು ಅವರು. ಹಳೆಯ ಕೆಲವು ಫ್ಲ್ಯಾಶ್‌ಗಳ ಬುಡದಲ್ಲಿ 200 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ. ಹಿಂದಿನ ಕ್ಯಾಮೆರಾಗಳ ಯಾಂತ್ರಿಕ ಸ್ವಿಚ್ಚು ಅದನ್ನು ತಡೆದುಕೊಳ್ಳುತ್ತಿತ್ತು. ಡಿಜಿಟಲ್ ಕ್ಯಾಮೆರಾದ ಸೂಕ್ಷ್ಮ ಸರ್ಕ್ಯೂಟು ಸುಟ್ಟೇಹೋಗಬಹುದು.

ಹೊಸದನ್ನು ಕೊಳ್ಳುವಾಗ ಎಲ್ಲರ ಕಣ್ಣು ಗೈಡ್ ನಂಬರಿನ ಮೇಲೆ. 36 ಎಂದಿದ್ದರೆ ಅದನ್ನು ಅಪರ್ಚರ್ ಸಂಖ್ಯೆ 4ರಿಂದ ಭಾಗಿಸಿ: ಐಎಸ್‌ಒ 100ರಲ್ಲಿ ಬೆಳಕು 9 ಮೀಟರ್ ಮುಟ್ಟುತ್ತದೆ. ನಡುಮನೆಗೆ ಅಷ್ಟು ಧಾರಾಳ. ನಿಜಕ್ಕೂ ನೋಡಬೇಕಾದದ್ದು ಫ್ಲ್ಯಾಶಿನ ತಲೆ ಮೇಲಕ್ಕೂ ಪಕ್ಕಕ್ಕೂ ತಿರುಗುತ್ತದೆಯೇ ಎಂಬುದು. ಬೆಳಕನ್ನು ಮುಖಕ್ಕೆ ಎರಚದೆ ಬಿಳಿ ಸೂರಿಗೆ ಬಡಿದು ಬರುವಂತೆ ಮಾಡಿದರೆ ಮುಖ ಮೃದುವಾಗಿ ಮೂಡುತ್ತದೆ.

ಟಿಟಿಎಲ್ ಇರುವುದು ಬೇಕೇ? ಅದರಲ್ಲಿ ಕ್ಯಾಮೆರಾವೇ ಬೆಳಕಳೆದು ಫ್ಲ್ಯಾಶಿನ ಶಕ್ತಿ ನಿರ್ಧರಿಸುತ್ತದೆ. ಓಡಾಡುವ ಜನರನ್ನು ತೆಗೆಯಲು ಅನುಕೂಲ, ಆದರೆ ಬೆಲೆ ಹೆಚ್ಚು. ಕ್ಯಾನನ್‌ಗೆ ಹೊಂದುವುದು ನಿಕಾನ್‌ನೊಂದಿಗೆ ಮಾತಾಡದು. ಕಲಿಯುವವನಿಗೆ ಕೈಯಲ್ಲೇ ಶಕ್ತಿ ತಿದ್ದುವ ಮ್ಯಾನ್ಯುಯಲ್ ಸಾಕು. ತಪ್ಪಿದ್ದೆಲ್ಲಿ ಎಂದು ತಾನೇ ಹುಡುಕುವುದರಿಂದ ಬೇಗ ಕಲಿಯುತ್ತಾನೆ ಕೂಡ. ಹುಡುಗ ತಂದದ್ದು ಅದನ್ನೇ, ತಲೆ ತಿರುಗುವಂಥದ್ದು.

ಮನೆಗೆ ತಂದು ಮೇಲಕ್ಕೆ ತಿರುಗಿಸಿದರೆ ಬೆಳಕು ಹಿಂದಿರುಗಲೇ ಇಲ್ಲ. ಅಜ್ಜನ ಕಾಲದ ಮನೆ. ಹೊಗೆ ಹಿಡಿದ ತೊಲೆ, ಕಪ್ಪು ಹಲಗೆ. ಅವು ಬೆಳಕನ್ನೆಲ್ಲ ನುಂಗಿದವು. ಫ್ಲ್ಯಾಶ್ ಆರಿಸುವಾಗ ಸೂರಿನ ಬಣ್ಣ ನೆನಪಾಗಿರಲಿಲ್ಲ! ಎರಡು ದಿನ ಪೆಚ್ಚಾಗಿದ್ದ. ಮೂರನೆಯ ದಿನ ಅಜ್ಜನ ಬಿಳಿ ಪಂಚೆಯನ್ನು ಪಕ್ಕದ ಗೋಡೆಗೆ ಬಿಗಿದು, ಫ್ಲ್ಯಾಶನ್ನು ಅತ್ತ ತಿರುಗಿಸಿ, ಐಎಸ್‌ಒ 800ಕ್ಕೆ ಏರಿಸಿದ. ಅಕ್ಕನ ಮುಖ ಕಿಟಕಿಯ ಪಕ್ಕ ಕೂತಂತೆ ಬೆಳಗಿತು.

ನಿಶ್ಚಿತಾರ್ಥದ ದಿನ ಬೀಗರಲ್ಲೊಬ್ಬರು ಪಂಚೆ ನೋಡಿ, "ಒಣಗೋಕೆ ಹಾಕಿದ್ದೀರಾ? ತೆಗೀರಿ" ಎಂದರಂತೆ. ಅಜ್ಜಿ ಬಿಡಲಿಲ್ಲ. ಉಂಗುರ ತೊಡಿಸುವ ಹೊತ್ತಿಗೆ ಸೆಲ್ಲು ಸೋತು ಫ್ಲ್ಯಾಶ್ ತಡವರಿಸಿತು. ಚಾರ್ಜಾದ ಇನ್ನೂ ನಾಲ್ಕು ಸೆಲ್ಲು ಜೇಬಿನಲ್ಲಿದ್ದವು. ಅವಕ್ಕೆ ಬೇರೆ ದುಡ್ಡು ಕೊಡಬೇಕಾಯಿತೆಂದು ಅಪ್ಪಾಜಿಗೆ ಗೊತ್ತಾದದ್ದು ಬೀಗರು ಹೋದ ಮೇಲೆ.