ಎಣಿಕೆಗೆ ಸಿಗದವರು

ಪರರ ಬರಹದಲ್ಲಿ ತಪ್ಪು ಹುಡುಕುವುದು ಎಲ್ಲರೂ ಬಲ್ಲ ವಿದ್ಯೆಯೆಂದು ಲೋಕ ತಿಳಿದಿದೆ. ಅದಕ್ಕೂ ಶಿಕ್ಷಣ ಬೇಕು, ಅದಕ್ಕೂ ಗುರು ಬೇಕು ಎಂದರೆ ನಗುವವರೇ ಹೆಚ್ಚು. ಆದರೆ ಅತ್ತಿಗುಪ್ಪೆಯ ಹಳೆಯ ಮನೆಯೊಂದರ ಮಹಡಿಯ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುವುದು ಈ ವಿದ್ಯೆಯ ಪಾಠವೇ. ಕಲಿಸುವವರು ನಿವೃತ್ತರಾದ ಒಬ್ಬ ವೈದ್ಯಕೀಯ ಪ್ರಾಧ್ಯಾಪಕರು. ಕಲಿಯುವವರು ಆಗತಾನೆ ಎಂ.ಡಿ. ಮುಗಿಸಿದ ಮೂರು ನಾಲ್ಕು ಮಂದಿ. ಹಾಸಿದ ಜಮಖಾನ, ಒಂದು ಮೇಜು, ಪ್ರಾಧ್ಯಾಪಕರ ಪತ್ನಿ ತಂದಿಡುವ ಕಾಫಿ, ಇಷ್ಟೇ ಆ ಪಾಠಶಾಲೆಯ ವೈಭವ.

ವೈದ್ಯನೊಬ್ಬ ತಾನು ಕಂಡುಕೊಂಡದ್ದನ್ನು ಬರೆದು ವಿದ್ವತ್ಪತ್ರಿಕೆಗೆ ಕಳುಹಿಸಿದರೆ ಅದು ನೇರವಾಗಿ ಅಚ್ಚಾಗುವುದಿಲ್ಲ. ಸಂಪಾದಕರು ಆ ವಿಷಯ ಬಲ್ಲ ಇಬ್ಬರು ಮೂವರಿಗೆ ಅದನ್ನು ಕಳುಹಿಸಿ ಅಭಿಪ್ರಾಯ ಕೇಳುತ್ತಾರೆ. ಪಿಯರ್ ರಿವ್ಯೂ ಎಂಬ ಈ ಸಹತಜ್ಞರ ಪರಿಶೀಲನೆಯ ಬೇರು ಹಳೆಯದು. 1731ರಲ್ಲಿ ಎಡಿನ್‌ಬರೋದ ವೈದ್ಯರ ಸಂಘವೊಂದು ತನಗೆ ಬಂದ ಬರಹಗಳನ್ನು ಆಯಾ ವಿಷಯದಲ್ಲಿ ನುರಿತ ಸದಸ್ಯರಿಗೆ ಹಂಚಿ ಪರೀಕ್ಷಿಸುತ್ತಿತ್ತು. ಆದರೆ ಅದು ಎಲ್ಲೆಡೆಯೂ ಕೂಡಲೇ ಹಬ್ಬಲಿಲ್ಲ. 1823ರಲ್ಲಿ ಆರಂಭವಾದ ‘ಲ್ಯಾನ್ಸೆಟ್’ ಪತ್ರಿಕೆ ಹೊರಗಿನ ತಜ್ಞರ ಪರಿಶೀಲನೆಯನ್ನು ನಿಯಮವಾಗಿ ಅಳವಡಿಸಿಕೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಇಷ್ಟು ಹೊಣೆಯ ಕೆಲಸವನ್ನು ವೈದ್ಯಕೀಯ ಪಠ್ಯದಲ್ಲಿ ಕ್ರಮವಾಗಿ ಕಲಿಸುವುದು ಮಾತ್ರ ಅಪರೂಪ.

ಪರಿಶೀಲಕರನ್ನೇ ಪರಿಶೀಲಿಸಿದವರೂ ಉಂಟು. ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನವರು ಒಂದು ಲೇಖನದಲ್ಲಿ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿ 420 ಪರಿಶೀಲಕರಿಗೆ ಕಳುಹಿಸಿದರು. ಉತ್ತರಿಸಿದವರು 221 ಮಂದಿ. ಅವರು ಕಂಡುಹಿಡಿದದ್ದು ಸರಾಸರಿ ಎರಡೇ ದೋಷ! 1998ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಪ್ರಾಧ್ಯಾಪಕರು ಪ್ರತಿ ಹೊಸ ಶಿಷ್ಯನಿಗೂ ಮೊದಲ ದಿನವೇ ಹೇಳುತ್ತಾರೆ. ಅಲ್ಪಕಾಲದ ತರಬೇತಿಯಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ ಎಂದು 2004ರಲ್ಲಿ ಅದೇ ಪತ್ರಿಕೆ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನೂ ಮರೆಮಾಚುವುದಿಲ್ಲ. “ಆದ್ದರಿಂದಲೇ ನಮ್ಮ ತರಗತಿಗೆ ಕೊನೆಯ ದಿನವೆಂಬುದಿಲ್ಲ” ಎಂದು ನಗುತ್ತಾರೆ.

ಆ ಶಿಷ್ಯರಲ್ಲಿ ಕೆಂಗೇರಿಯಿಂದ ಮೆಟ್ರೋ ಹತ್ತಿ ಬರುವ ತರುಣಿಯೊಬ್ಬಳಿದ್ದಳು. ಹಿಂದಿನ ವರ್ಷ ಆಕೆಯ ಮೊದಲ ಲೇಖನ ತಿರಸ್ಕೃತವಾಗಿತ್ತು. ಎರಡು ವರ್ಷದ ದುಡಿಮೆಗೆ ಅಜ್ಞಾತ ಪರಿಶೀಲಕನೊಬ್ಬ ಬರೆದದ್ದು ಎರಡೇ ಸಾಲು. ಆ ಎರಡರಲ್ಲೂ ಇದ್ದದ್ದು ಹೀನಾಯ. ತಪ್ಪು ಯಾವುದೆಂದು ಅದರಿಂದ ತಿಳಿಯುವಂತಿರಲಿಲ್ಲ. ಅಂದು ಆಕೆ ಆಸ್ಪತ್ರೆಯ ಮೆಟ್ಟಿಲ ಕೆಳಗೆ ನಿಂತು ಅತ್ತಿದ್ದಳು.

ಹೀಗಿರಲು, ಪ್ರಾಧ್ಯಾಪಕರಿಗೆ ಒಂದು ಹಸ್ತಪ್ರತಿ ಪರಿಶೀಲನೆಗೆ ಬಂದಿತು. ಗುರುವಿನ ಹೆಸರಿನಲ್ಲಿ ಶಿಷ್ಯರು ಗುಟ್ಟಾಗಿ ಬರೆದುಕೊಡುವ ಪದ್ಧತಿ ಹಲವು ಕಡೆ ಇದೆ. ಇವರಿಗೆ ಅದು ಒಗ್ಗದು. ಸಂಪಾದಕರಿಗೆ ಪತ್ರ ಬರೆದು, ಶಿಷ್ಯೆಯ ಹೆಸರನ್ನೂ ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ ಪ್ರತಿಯನ್ನು ಆಕೆಯ ಕೈಗಿತ್ತರು. ಅಚ್ಚಾಗದ ಬರಹವೆಂದರೆ ಪರರ ಒಡವೆ. ಅದನ್ನು ಗೆಳತಿಗೆ ತೋರಿಸಕೂಡದು, ಉತ್ತರ ಹೇಳುವ ಯಂತ್ರಕ್ಕೂ ಉಣಿಸಕೂಡದು ಎಂದು ಎಚ್ಚರಿಸಿದರು. ಆದುದರಿಂದ ಅದರ ವಿವರ ಇಲ್ಲಿಯೂ ಬೇಡ. ದಿನವೂ ನುಂಗಬೇಕಾದ ಒಂದು ಮಾತ್ರೆಯ ಗುಣವನ್ನು ಅದು ಹೊಗಳಿತ್ತು ಎಂದಷ್ಟೇ ಹೇಳಿದರೆ ಸಾಕು.

ಮುಂದಿನ ಭಾನುವಾರ ತರುಣಿ ನಾಲ್ಕು ಪುಟ ಬರೆದು ತಂದಳು. ವ್ಯಾಕರಣದ ತಪ್ಪು, ಅಂಕಣಗಳ ಓರೆಕೋರೆ, ಬಿಟ್ಟುಹೋದ ಅಲ್ಪವಿರಾಮ, ಯಾವುದನ್ನೂ ಆಕೆ ಬಿಟ್ಟಿರಲಿಲ್ಲ. ಕೊನೆಯಲ್ಲಿ, ಇಂಥವರು ಸಂಶೋಧನೆಗೆ ಕೈಹಾಕದಿರುವುದೇ ಲೇಸು ಎಂಬರ್ಥದ ವಾಕ್ಯವೊಂದಿತ್ತು.

ಪ್ರಾಧ್ಯಾಪಕರು ನಿಧಾನವಾಗಿ ಓದಿ ಕನ್ನಡಕ ತೆಗೆದರು. “ಇದನ್ನು ಬರೆದವರು ಈ ಜಮಖಾನದ ಮೇಲೆ ಕೂತಿದ್ದರೆ, ಈ ಕೊನೆಯ ಮಾತನ್ನು ಹೇಳುತ್ತಿದ್ದೆಯೇನಮ್ಮಾ?”

ಆಕೆ ಮಾತನಾಡಲಿಲ್ಲ.

“ಹೋಗಲಿ. ಎರಡನೆಯ ಕೋಷ್ಟಕ ನೋಡು. ಮಾತ್ರೆ ಆರಂಭಿಸಿದವರೆಷ್ಟು? ಕೊನೆಯಲ್ಲಿ ಲೆಕ್ಕಕ್ಕೆ ಬಂದವರೆಷ್ಟು? ನಡುವೆ ಇದ್ದವರೆಲ್ಲ ಎಲ್ಲಿ ಹೋದರು?”

ತರುಣಿ ನೋಡಿದಳು. ಆರಂಭದ ಸಂಖ್ಯೆಗೂ ಅಂತ್ಯದ ಸಂಖ್ಯೆಗೂ ನಡುವೆ ದೊಡ್ಡ ಅಂತರವಿತ್ತು. ಉಳಿದವರಿಗೆ ಗುಣವಾಗಿತ್ತು, ನಿಜ. ಬಿಟ್ಟವರು ಏಕೆ ಬಿಟ್ಟರು, ಅವರಿಗೇನಾಯಿತು ಎಂಬುದಕ್ಕೆ ಒಂದಕ್ಷರವೂ ಇರಲಿಲ್ಲ. ಅಲ್ಪವಿರಾಮವನ್ನು ಬಿಡದ ಆಕೆಯ ಕಣ್ಣು ಇಷ್ಟು ಮಂದಿ ಮನುಷ್ಯರನ್ನೇ ಬಿಟ್ಟಿತ್ತು.

ಅಂದು ಮನೆಗೆ ಮರಳುವಾಗ ಆಕೆಯ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಸಂಜೆ ದೇವರ ಗೂಡಿನ ಬಳಿ ಬತ್ತಿಯ ಡಬ್ಬಿ ಹುಡುಕುತ್ತಿದ್ದಾಗ, ಅದರ ಹಿಂದೆ ತಾಯಿಯ ಕಬ್ಬಿಣದ ಮಾತ್ರೆಗಳು ಸಿಕ್ಕವು. ರಕ್ತ ಕಡಿಮೆಯೆಂದು ಮಗಳೇ ತಂದುಕೊಟ್ಟವು. ಎರಡು ಪಟ್ಟಿ ಪೂರ್ತಿ ಹಾಗೆಯೇ ಇದ್ದವು.

“ದಿನವೂ ಕೇಳಿದಾಗ ತೆಗೆದುಕೊಂಡೆ ಎನ್ನುತ್ತಿದ್ದೆಯಲ್ಲಮ್ಮಾ!”

“ಅದನ್ನು ನುಂಗಿದರೆ ಹೊಟ್ಟೆಯೆಲ್ಲಾ ತೊಳಸುತ್ತೆ ಕಣೇ. ನೀನೋ ಡಾಕ್ಟರು. ಹೇಳಿದರೆ ಬೈತೀಯ ಅಂತ ಸುಮ್ಮನಿದ್ದೆ.”

ಕೋಷ್ಟಕದಲ್ಲಿ ಕಾಣದೆ ಹೋದವರಲ್ಲಿ ಒಬ್ಬರು ತನ್ನ ಮನೆಯಲ್ಲಿಯೇ ಇದ್ದರೆಂದು ತರುಣಿಗೆ ತೋರಿತು. ತಾಯಿಗೆ ಸುಳ್ಳು ಹೇಳುವ ಸ್ವಭಾವವಿರಲಿಲ್ಲ. ಮಗಳು ಕೇಳುತ್ತಿದ್ದ ರೀತಿ ಹಾಗಿತ್ತು. ಆ ಲೇಖಕರೂ ಪ್ರಾಯಶಃ ಮೋಸಗಾರರಲ್ಲ. ಬಿಟ್ಟವರನ್ನು ಹುಡುಕಿಕೊಂಡು ಹೋಗಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೋ ಏನೋ. ಅವರ ಲೇಖನ ಹಾಗೆಯೇ ಅಚ್ಚಾದರೆ, ಅದನ್ನು ನಂಬಿ ಯಾವುದೋ ಊರಿನ ವೈದ್ಯರು ಅದೇ ಮಾತ್ರೆ ಬರೆಯುವರು. ಯಾವುದೋ ಮನೆಯ ದೇವರ ಗೂಡಿನ ಹಿಂದೆ ಅದೂ ಸೇರುವುದು.

ರಾತ್ರಿ ಕುಳಿತು ಆಕೆ ಮತ್ತೆ ಬರೆದಳು. ಲೇಖನದಲ್ಲಿ ಮೆಚ್ಚುವಂಥದ್ದು ಏನೆಂದು ಮೊದಲು. ಬಿಟ್ಟುಹೋದವರ ಲೆಕ್ಕ ಮತ್ತು ಕಾರಣ ಕೊಡಬೇಕೆಂದು ಅನಂತರ. ಆರಂಭಿಸಿದವರೆಲ್ಲರನ್ನೂ ಸೇರಿಸಿ ಫಲವನ್ನು ಮತ್ತೆ ಎಣಿಸುವ ಬಗೆ ಹೇಗೆಂದು ಕಡೆಯಲ್ಲಿ. ನಾಲ್ಕು ಪುಟ ಒಂದೂವರೆಯಾಯಿತು. ವ್ಯಾಕರಣಕ್ಕೆ ಒಂದೇ ಸಾಲು ಸಂದಿತು. ಪ್ರಾಧ್ಯಾಪಕರು ಎರಡು ಪದ ತಿದ್ದಿ, ಇಬ್ಬರ ಹೆಸರಿನಲ್ಲಿಯೂ ಸಂಪಾದಕರಿಗೆ ಕಳುಹಿಸಿದರು. ಲೇಖಕರಿಗೆ ಆ ಹೆಸರುಗಳು ತಿಳಿಯುವುದಿಲ್ಲ. ಈ ಕೆಲಸಕ್ಕೆ ಸಂಬಳವೂ ಇಲ್ಲ.

ಕೆಲವು ತಿಂಗಳ ಮೇಲೆ ತಿದ್ದಿದ ಪ್ರತಿ ಮರಳಿ ಬಂದಿತು. ಬಿಟ್ಟುಹೋದವರಿಗಾಗಿ ಅದರಲ್ಲಿ ಹೊಸದೊಂದು ಕೋಷ್ಟಕವಿತ್ತು. ಮಾತ್ರೆಯ ಹೊಗಳಿಕೆ ಬಹಳಷ್ಟು ತಗ್ಗಿತ್ತು. ಅಜ್ಞಾತ ಪರಿಶೀಲಕರಿಗೆ ಲೇಖಕರು ವಂದನೆ ತಿಳಿಸಿದ್ದರು. ತರುಣಿ ಆ ಸಾಲನ್ನು ಎರಡು ಬಾರಿ ಓದಿದಳು.

ಮನೆಯಲ್ಲಿ ಈಗ ಆಕೆ “ಮಾತ್ರೆ ತೆಗೆದುಕೊಂಡೆಯಾ?” ಎಂದು ಕೇಳುವುದಿಲ್ಲ. “ಹೊಸ ಮಾತ್ರೆ ಹೊಟ್ಟೆಗೆ ಒಗ್ಗಿತೇನಮ್ಮಾ?” ಎಂದು ಕೇಳುತ್ತಾಳೆ. ತಾಯಿ ಈಗ ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ.